ಕೊಳದ ನೀರಲ್ಲಿ ಕೆಂಪೆಲೆ ಮರ: ನಮ್ಮ ಕಡೆ ಇಂಥ ಫೋಟೋ ಆಗುತ್ತಾ?

ಕೋಟೆಪಕ್ಕದವ (ಬೀದರ್)
ಜಪಾನ್, ಕೆನಡಾ ಕಡೆಯವರು ಹಾಕುವ ಫೋಟೋ ನೋಡಿರುತ್ತೀರಿ. ದಂಡೆಯ ಮೇಲೆ ಕೆಂಪು ಹಳದಿ ಮರ, ಕೆಳಗೆ ನೀರಲ್ಲಿ ಅದೇ ಮರ ತಲೆಕೆಳಗಾಗಿ. ಅಂಥದ್ದು ಇಲ್ಲಿ ತೆಗೆಯಬೇಕು ಅಂತ ಆಸೆ. ಆದರೆ ಅಕ್ಟೋಬರಿನಲ್ಲಿ ನಮ್ಮ ಕಡೆ ಎಲ್ಲಾ ಹಸಿರೇ ಹಸಿರು. ನಮ್ಮ ಕಾಲೋನಿ ಪಾರ್ಕಿನಲ್ಲಿ ಸಣ್ಣ ಕೊಳ ಇದೆ, ಅದರ ಪಶ್ಚಿಮದ ದಂಡೆಗೆ ಬಾದಾಮಿ ಮರಗಳಿವೆ, ಒಂದು ಅರಳಿಯೂ ಇದೆ. ಕಣ್ಣಿಗೆ ನೀರಲ್ಲಿ ಚೆನ್ನಾಗಿಯೇ ಕಾಣುತ್ತದೆ, ಫೋಟೋದಲ್ಲಿ ಮಾತ್ರ ನೀರು ಬೂದಿ ಬಣ್ಣ, ಮರ ಮಬ್ಬು. ಇರುವುದು ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್. ಅಂಗಡಿಯವನು ಪೋಲರೈಸರ್ ಫಿಲ್ಟರ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ ಅಂತಿದ್ದಾನೆ. ತಗೊಳ್ಳಲಾ?

ಕಪ್ಪುಮಣ್ಣು (ಕಲಬುರಗಿ)
ಸದ್ಯಕ್ಕೆ ಬೇಡ ರೀ. ಪೋಲರೈಸರ್‌ನ ಮುಖ್ಯ ಕೆಲಸವೇ ನೀರಿನ ಮೇಲಿನ ಹೊಳಪು ತೆಗೆಯುವುದು. ನೀವು ಹಿಡಿಯಬೇಕು ಅಂತಿರುವ ಪ್ರತಿಬಿಂಬವೂ ಆ ಹೊಳಪೇ ಅಲ್ವಾ? ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಫಿಲ್ಟರ್ ತಿರುಗಿಸಿದರೆ ಪ್ರತಿಬಿಂಬ ಹೆಚ್ಚುಕಡಿಮೆ ಪೂರ್ತಿ ಮಾಯವಾಗುತ್ತದೆ, ತಳದ ಕೆಸರು ಕಾಣುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಮೊಣಕಾಲು ಊರಿ ಕೂತುಬಿಡಿ. ನೇರ ಕೆಳಗೆ ನೋಡಿದರೆ ನೀರು ತಿರುಗಿ ಕಳಿಸುವುದು ಬೆಳಕಿನ 2 ಪರ್ಸೆಂಟ್ ಮಾತ್ರ. ನೋಟ ನೀರಿನ ಮಟ್ಟದಿಂದ 10 ಡಿಗ್ರಿಗೆ ಇಳಿದರೆ ಅದು ಸುಮಾರು ಮೂರನೇ ಒಂದು ಭಾಗ ಆಗುತ್ತದೆ. ನಿಂತು ತೆಗೆದದ್ದಕ್ಕೂ ಕೂತು ತೆಗೆದದ್ದಕ್ಕೂ ಇಷ್ಟು ಫರಕು ಬರುವುದು ಇದರಿಂದಲೇ, ಲೆನ್ಸಿನ ತಪ್ಪೇನೂ ಇಲ್ಲ.

ಇನ್ನು ಬೂದಿ ಬಣ್ಣ. ನೀರಿನ ಮೇಲೆ ಬಿಸಿಲು ಬಿದ್ದರೆ ಒಳಗಿನ ಮಣ್ಣು ಬೆಳಗಿ, ಮೇಲಿನ ಬಣ್ಣವನ್ನು ನುಂಗಿಹಾಕುತ್ತದೆ. ನಮ್ಮ ಕಪ್ಪು ಮಣ್ಣಿನ ಕಡೆ ಮಳೆಗಾಲ ಮುಗಿದ ಮೇಲೂ ಎಷ್ಟೋ ದಿನ ನೀರು ತಿಳಿಯಾಗುವುದಿಲ್ಲ, ನಿಮ್ಮ ಕೆಂಪು ಮಣ್ಣಿನದೂ ಅದೇ ಕಥೆ. ಹಾಗಾಗಿ ಮರ ಬಿಸಿಲಲ್ಲಿರಬೇಕು, ನೀರು ನೆರಳಲ್ಲಿರಬೇಕು. ನಿಮ್ಮ ಮರಗಳು ಪಶ್ಚಿಮಕ್ಕಿವೆ, ಒಳ್ಳೆಯದೇ ಆಯಿತು. ಬೆಳಿಗ್ಗೆ ಪೂರ್ವದ ಕಡೆ ಕೂತರೆ ಮೊದಲ ಬಿಸಿಲು ಮರದ ತಲೆಗೆ ಬೀಳುತ್ತದೆ, ನಿಮ್ಮ ಹಿಂದೆ ಕಂಪೌಂಡ್ ಗೋಡೆಯೋ ಮನೆಯೋ ಇದ್ದರೆ ನೀರು ಇನ್ನೂ ನೆರಳಲ್ಲೇ ಇರುತ್ತದೆ. ಆ ಹೊತ್ತು ಬೇಗ ಮುಗಿಯುತ್ತದೆ, ಚಹಾ ಆಮೇಲೆ ಕುಡಿಯಿರಿ.

ಶಹಾಪುರದಾಕಿ (ಯಾದಗಿರಿ)
ಅಣ್ಣಾರ ಮಾತು ಸರಿ, ಆದರೆ ಫಿಲ್ಟರ್ ಬಗ್ಗೆ ಅರ್ಧ ಮಾತ್ರ ಹೇಳಿದ್ದಾರೆ. ಅದನ್ನೇ ಇನ್ನೊಂದು ದಿಕ್ಕಿಗೆ, ಅಂದರೆ ಪ್ರತಿಬಿಂಬ ಜಾಸ್ತಿ ಕಾಣುವ ಕಡೆಗೆ ತಿರುಗಿಸಿದರೆ, ನೀರೊಳಗಿನ ಮಣ್ಣಿನ ಬೆಳಕು ಕಡಿಮೆಯಾಗಿ ಬಣ್ಣ ಗಟ್ಟಿಯಾಗುತ್ತದೆ. ಒಂದು ಸ್ಟಾಪಿಗಿಂತ ಜಾಸ್ತಿ, ಅಂದರೆ ಅರ್ಧಕ್ಕೂ ಹೆಚ್ಚು ಬೆಳಕು ಹೋಗುತ್ತದೆ, ಟ್ರೈಪಾಡ್ ಬೇಕಾಗುತ್ತದೆ. ಇದ್ದವರು ಹಾಕಿಕೊಳ್ಳಲಿ, ಇಲ್ಲದವರು ಹೊಸದಾಗಿ ಕೊಳ್ಳುವುದು ಬೇಡ ಅನ್ನುವುದಕ್ಕೆ ನನ್ನದೂ ಹೂಂ.

ಕಾಲದ ವಿಷಯ ಯಾರೂ ಹೇಳಲಿಲ್ಲ. ನಮಗೆ ಎಲೆ ಉದುರುವುದು ಚಳಿ ಮುಗಿಯುವಾಗ. ಜನವರಿ ಫೆಬ್ರವರಿಯಲ್ಲಿ ಬಾದಾಮಿ ಎಲೆ ಕೆಂಪಾಗುತ್ತದೆ ನೋಡಿ, ಮೇಪಲ್ ಮರ ಯಾಕೆ ಬೇಕು? ಆಮೇಲೆ ಬೇವು ಬೋಳಾಗುತ್ತದೆ. ಶಿವರಾತ್ರಿಯಿಂದ ಹೋಳಿವರೆಗೆ ಮುತ್ತುಗ ಎಲೆ ಕಳಚಿ ಮೈತುಂಬ ಕೇಸರಿ ಹೂ ಬಿಡುತ್ತದೆ, ನಿಮ್ಮ ಬೀದರ್ ಕಾಡಿನ ಕಡೆ ಬೇಕಾದಷ್ಟಿದೆ. ಅರಳಿಯ ಹೊಸ ಚಿಗುರು ತಾಮ್ರದ ಬಣ್ಣದ್ದು. ಅದು ಬಿಸಿಲಿಗೆ ಎದುರಾಗಿ ಹೊಳೆಯುವಾಗ ಉದುರುವ ಎಲೆಗಿಂತಲೂ ಚೆಂದ, ನನ್ನ ಲೆಕ್ಕದಲ್ಲಿ. ಪಾಪನಾಶ ಕೆರೆ ಕಡೆಯೂ ಒಮ್ಮೆ ಹೋಗಿ ಬನ್ನಿ, ಆದರೆ ದೊಡ್ಡ ನೀರಿಗೆ ಗಾಳಿ ಬೇಗ ತಾಗುತ್ತದೆ. ಪಾರ್ಕಿನ ಸಣ್ಣ ಕೊಳವೇ ವಾಸಿ.

ಕೋಟೆಪಕ್ಕದವ (ಬೀದರ್)
ಅಕ್ಕಾ, ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ಫೋಕಸ್ ಎಲ್ಲಿ ಮಾಡಬೇಕು? ನೀರಿನ ಮೇಲಾ? ಗಾಳಿ ಬಂದರೆ ಸುಮ್ನೆ ವಾಪಸ್ ಬರುವುದಾ? ನಮ್ಮ ತಂಗಿ ಫೋನಿನಲ್ಲೇ ತೆಗೆಯುತ್ತಾಳಂತೆ, ಅವಳಿಗೂ ಏನಾದರೂ ಹೇಳಿ.

ಕಪ್ಪುಮಣ್ಣು (ಕಲಬುರಗಿ)
ನೀರಿನ ಮೇಲಲ್ಲ, ನೀರಲ್ಲಿ ಕಾಣುವ ಮರದ ಮೇಲೆ. ಪ್ರತಿಬಿಂಬದ ದೂರ ಅಂದರೆ ನಿಮ್ಮಿಂದ ನೀರಿಗೆ, ನೀರಿಂದ ಮರಕ್ಕೆ, ಎರಡೂ ಸೇರಿಸಿ. ಆಟೋ ಫೋಕಸ್ ತೇಲುವ ಎಲೆಯನ್ನೋ ಪಾಚಿಯನ್ನೋ ಹಿಡಿದುಕೊಂಡರೆ ಮರ ಮಬ್ಬಾಗುತ್ತದೆ, ನಿಮ್ಮದು ಅದೇ ಇರಬೇಕು. ತೇಲುವ ಎಲೆಯೂ ಚೂಪಾಗಿ ಬೇಕಿದ್ದರೆ ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಫ್ 11ಕ್ಕೆ ಇಡಿ. ಎಕ್ಸ್‌ಪೋಷರ್ (ಬೆಳಕಿನ ಅಳತೆ) ದಂಡೆಯ ಮರಕ್ಕೆ ಹೊಂದಿಸಿ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ. ನೀರಲ್ಲಿರುವ ಮರ ಯಾವಾಗಲೂ ಸ್ವಲ್ಪ ಕಪ್ಪಾಗಿಯೇ ಬರುತ್ತದೆ, ಆಮೇಲೆ ಎಡಿಟ್ ಮಾಡುವಾಗ ಬೆಳಕು ಎತ್ತಿಕೊಳ್ಳಬಹುದು. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವುದು) ಆಟೋ ಬೇಡ, ಡೇಲೈಟ್ ಇಡಿ. ಆಟೋ ಆದರೆ ಕೆಂಪನ್ನು ನೀಲಿ ಕಡೆಗೆ ಎಳೆದು ಮಂಕು ಮಾಡಿಬಿಡುತ್ತದೆ.

ಶಹಾಪುರದಾಕಿ (ಯಾದಗಿರಿ)
ಗಾಳಿ ಬಂದರೆ ವಾಪಸ್ ಯಾಕೆ ಬರ್ತೀರಿ? ಟ್ರೈಪಾಡ್ ಹಾಕಿ ಅರ್ಧ ಸೆಕೆಂಡ್ ಶಟರ್ ಇಡಿ, ಸಣ್ಣ ಅಲೆ ಕರಗಿ ಬಣ್ಣ ಮಾತ್ರ ಉಳಿಯುತ್ತದೆ. ಇಲ್ಲಾ ಶಟರನ್ನು 1/500 ಸೆಕೆಂಡಿಗೆ ಏರಿಸಿ, ದಂಡೆಯನ್ನು ಬಿಟ್ಟು ಬರೀ ಅಲೆಗಳನ್ನು ತೆಗೆಯಿರಿ. ಕೆಂಪು ಕಪ್ಪು ಪಟ್ಟಿಗಳಾಗಿ ಇಳಕಲ್ ಸೀರೆಯ ಸೆರಗಿನಂತೆ ಬರುತ್ತದೆ. ನನಗಂತೂ ತಲೆಕೆಳಗಿನ ಮರಕ್ಕಿಂತ ಇದೇ ಇಷ್ಟ.

ತಂಗಿಗೆ ಹೇಳಿ, ಫೋನನ್ನು ತಲೆಕೆಳಗೆ ಹಿಡಿಯಲಿ, ಆಗ ಲೆನ್ಸ್ ನೀರಿನ ಹತ್ತಿರ ಬರುತ್ತದೆ. ನೀರಲ್ಲಿ ಕಾಣುವ ಮರವನ್ನು ಪರದೆಯ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಲಿ. ಫೋನಿಗೆ ಕೈಗೆ ಸಿಗಿಸುವ ದಾರ ಕಟ್ಟಿಕೊಳ್ಳಲಿ, ಪಾಚಿ ಕಟ್ಟಿದ ದಂಡೆ ಜಾರುತ್ತದೆ.