ಯಾಕೂಟ್ಸ್ಕ್‌ನಲ್ಲಿ ಅಷ್ಟು ಬಿಸಿಲಿದ್ದರೂ ನೆಲ ಪೂರ್ತಿ ಕರಗುವುದಿಲ್ಲ, ಯಾಕೆ?

ಮೂಡಿಗೆರೆ ತೋಟದವ:
ಸೈಬೀರಿಯಾದ ಯಾಕೂಟ್ಸ್ಕ್‌ನಲ್ಲಿ ಜುಲೈನಲ್ಲಿ ಬಿಸಿಲು 30 ಡಿಗ್ರಿ ದಾಟುವುದೂ ಉಂಟಂತೆ. ನಾವಿಲ್ಲಿ ಆಗ ಮಳೆಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ! ಆದರೂ ಅಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ. ಕೆಳಗೆಲ್ಲ ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ. ಪಕ್ಕಪಕ್ಕದ ಜಾಗದಲ್ಲೇ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕರಗುತ್ತದಂತೆ. ಹೇಗೆ?

ಹಾಸನದ ಮಣ್ಣು ಮೇಷ್ಟ್ರು:
ಗೌಡ್ರೇ, ಬೇಸಿಗೆ ಅಲ್ಲಿ ನಾಲ್ಕು ದಿನದ ನೆಂಟ. ವರ್ಷದ ಸರಾಸರಿ ಸೊನ್ನೆಗಿಂತ ಎಷ್ಟೋ ಕೆಳಗಿದೆ. ಆಮೇಲೆ ನೆಲದ ಮೇಲೆ ಏನು ಹೊದ್ದಿದೆ ನೋಡಿ. ಮಾರ್ಚ್‌ನಲ್ಲಿ ನಿಮ್ಮ ಕಾಫಿ ಗಿಡದ ಬುಡದ ತರಗು ಸರಿಸಿ ಕೈಯಿಡಿ, ತಣ್ಣಗಿರುತ್ತದೆ ಅಲ್ವಾ? ಅಲ್ಲಿ ಪಾಚಿಯೂ ಅರ್ಧ ಕೊಳೆತ ಸೊಪ್ಪಿನ ಪದರವೂ ಅದೇ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಒಣಗಿ ಶಾಖವನ್ನು ತಡೆಯುತ್ತವೆ. ಒದ್ದೆಯಾಗಿ ಹೆಪ್ಪುಗಟ್ಟಿದರೆ ಉಲ್ಟಾ. ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ, ಚಳಿಗಾಲದಲ್ಲಿ ನೆಲದ ಬಿಸಿ ಬೇಗ ಹೊರಗೆ ಹೋಗುತ್ತದೆ. ಕಾಡ್ಗಿಚ್ಚು ಬಿದ್ದು ಪಾಚಿ ಸುಟ್ಟುಹೋದ ಜಾಗದಲ್ಲಿ ಮುಂದಿನ ವರ್ಷಗಳಲ್ಲಿ ನೆಲ ಇನ್ನೂ ಆಳಕ್ಕೆ ಕರಗುತ್ತದೆ.

ಇನ್ನು ಮಂಜುಗಡ್ಡೆಯೇ ದೊಡ್ಡ ಹೊಟ್ಟೆಬಾಕ. ಒಂದು ಕೆಜಿ ಕರಗಿಸಲು 334 ಕಿಲೋಜೂಲ್ ಬೇಕು. ಅಷ್ಟು ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು! ಹಾಗಾಗಿ ಮಂಜುಗಡ್ಡೆ ತುಂಬಿದ ಜೌಗು ಮಣ್ಣು ಸ್ವಲ್ಪವೇ ಕರಗುತ್ತದೆ. ಒಣ ಮರಳು, ಜಲ್ಲಿ ನೆಲ ಆಳಕ್ಕೆ ಕರಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಜಾಸ್ತಿ, ಅಲ್ಲೂ ಆಳ.

ಸಕಲೇಶಪುರದವಳು:
ಮೇಷ್ಟ್ರೇ, ಹಿಮ ಜಾಸ್ತಿ ಬಿದ್ದರೆ ನೆಲ ಇನ್ನೂ ತಣ್ಣಗಾಗಬೇಕಲ್ವಾ?

ಹಾಸನದ ಮಣ್ಣು ಮೇಷ್ಟ್ರು:
ಇಲ್ಲಮ್ಮ. ಹಿಮದೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಚಳಿಗಾಲದ ಮೊದಲಲ್ಲೇ ದಪ್ಪಗೆ ಬಿದ್ದರೆ ಮೇಲಿನ ಕೊರೆಯುವ ಚಳಿ ನೆಲಕ್ಕೆ ಇಳಿಯುವುದಿಲ್ಲ. ಪೊದೆಗಳ ಸುತ್ತ ಹಿಮ ಸಿಕ್ಕಿಕೊಂಡು ಅಲ್ಲಿನ ನೆಲ ಬೆಚ್ಚಗೇ ಉಳಿಯುತ್ತದೆ. ಆದರೆ ಅದೇ ಹಿಮ ಮೇ, ಜೂನ್‌ವರೆಗೂ ಕೂತರೆ ಬಿಸಿಲನ್ನು ವಾಪಸ್ ಕಳಿಸಿ ಕರಗುವುದನ್ನು ತಡ ಮಾಡುತ್ತದೆ. ಎಷ್ಟು ಬಿತ್ತು ಅನ್ನುವುದಕ್ಕಿಂತ ಯಾವಾಗ ಬಿತ್ತು, ಯಾವಾಗ ಹೋಯಿತು ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ.

ಮೂಡಿಗೆರೆ ತೋಟದವ:
ಇದನ್ನೆಲ್ಲ ಅಳೆಯುವುದು ಹೇಗೆ? ಗುಂಡಿ ತೋಡಿಯಾ?

ಹಾಸನದ ಮಣ್ಣು ಮೇಷ್ಟ್ರು:
ಸುಮ್ನೆ ಒಂದು ಸಪೂರ ಕಬ್ಬಿಣದ ಸರಳು! ಬೇಸಿಗೆಯ ಕೊನೆಗೆ, ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ನೆಲಕ್ಕೆ ಒತ್ತುತ್ತಾರೆ. ಠಕ್ ಅಂತ ನಿಂತಲ್ಲಿಗೆ ಆ ವರ್ಷದ ಆಳ. 1991ರಲ್ಲಿ ಶುರುವಾದ ಕಾಲ್ಮ್ ಅನ್ನುವ ಜಾಲದವರು ಅಲಾಸ್ಕಾ, ಸೈಬೀರಿಯಾ ಕಡೆ ಪ್ರತಿವರ್ಷ ಹೀಗೆ ಅಳೆಯುತ್ತಾರೆ. ಸರಳಿಗೆ ಕಲ್ಲೂ ಒಂದೇ, ಮಂಜುಗಡ್ಡೆಯೂ ಒಂದೇ. ಅದಕ್ಕೇ ಕಲ್ಲುನೆಲದಲ್ಲಿ ಕೊಳವೆ ಇಳಿಸಿ ಒಂದೊಂದು ಆಳದ ಉಷ್ಣತೆ ನೋಡುತ್ತಾರೆ.