ಸಹಾಯ ಬೇಕು: ಪವರ್‌ಪಾಯಿಂಟ್‌ನಲ್ಲಿ ಎರಡನೇ ಮೋಷನ್ ಪಾತ್ (ಆನಿಮೇಶನ್‌ನಲ್ಲಿ ವಸ್ತು ಚಲಿಸೋ ದಾರಿ) ಕರಾರುವಾಕ್ಕಾಗಿ ಕೂರಿಸೋದು ಹೇಗೆ?

ಸ್ಲೈಡ್ 16:9, ಅಗಲ 33.867 ಸೆಂ.ಮೀ. ಬಾಣದ ಗುರುತು ಮೊದಲ ಕ್ಲಿಕ್‌ಗೆ 10 ಸೆಂ.ಮೀ. ಬಲಕ್ಕೆ, ಎರಡನೇ ಕ್ಲಿಕ್‌ಗೆ ಅಲ್ಲಿಂದ 5 ಸೆಂ.ಮೀ. ಕೆಳಕ್ಕೆ ಹೋಗಬೇಕು. ತೊಂದರೆ ಏನಂದ್ರೆ, ಎರಡನೇ ಪಾತ್ ಬಾಣದ ಮೂಲ ಜಾಗದಿಂದಲೇ ಶುರುವಾಗುತ್ತೆ. ಕ್ಲಿಕ್ ಮಾಡಿದ ತಕ್ಷಣ ಬಾಣ ಹಿಂದಕ್ಕೆ ಜಿಗಿಯುತ್ತೆ. ಎರಡನೇ ಪಾತ್‌ನ ಹಸಿರು (ಶುರುವಿನ) ತುದಿಯನ್ನು ಮೊದಲ ಪಾತ್‌ನ ಕೆಂಪು (ಕೊನೆಯ) ತುದಿ ಮೇಲೆ ಎಳೆದು ಕೂರಿಸಿದೆ. ಆಲ್ಟ್ ಒತ್ತಿ ಎಳೆದಿದ್ದಾಯ್ತು, 400% ಜೂಮೂ ಆಯ್ತು. ಆದ್ರೂ ಕೂದಲೆಳೆಯಷ್ಟು ಜಿಗಿತ ಉಳಿದೇ ಇದೆ, ಪ್ರೊಜೆಕ್ಟರ್‌ನಲ್ಲಂತೂ ಎದ್ದು ಕಾಣುತ್ತೆ.

ಮಾರ್ಫ್ (ಮುಂದಿನ ಸ್ಲೈಡ್‌ಗೆ ಹೋಗುವಾಗ ವಸ್ತುವನ್ನು ಹೊಸ ಜಾಗಕ್ಕೆ ಸರಿಸೋ ಟ್ರಾನ್ಸಿಶನ್) ಬಳಸಿದ್ರೆ ಸ್ಥಾನಕ್ಕೆ ಅಂಕಿ ಕೊಡಬಹುದು ನಿಜ, ಆದ್ರೆ ಸ್ಲೈಡೇ ಬದಲಾಗಿ ಉಳಿದ ಆನಿಮೇಶನ್ ಸರಣಿ ಮುರಿಯುತ್ತೆ. ಮ್ಯಾಕ್ರೋದಲ್ಲಿ (ಪವರ್‌ಪಾಯಿಂಟ್ ಒಳಗೆ ಓಡೋ ಚಿಕ್ಕ ಪ್ರೋಗ್ರಾಂ) ಆ 10 ಸೆಂ.ಮೀ.ಯನ್ನು ಸ್ಲೈಡ್ ಅಗಲದ ಭಾಗವಾಗಿ 0.2953 ಅಂತ ಬರೆದ್ರೆ ಮುಗೀತು. ಆದ್ರೆ ಈ ಕಂಪ್ಯೂಟರಿನಲ್ಲಿ ಮ್ಯಾಕ್ರೋ ಬಂದ್.

ಮ್ಯಾಕ್ರೋ ಇಲ್ಲದೆ, ಒಂದೇ ಸ್ಲೈಡ್‌ನಲ್ಲಿ, ಎರಡನೇ ಪಾತ್ ಶುರುವಾಗೋ ಬಿಂದುವನ್ನು ಮೊದಲನೆಯದರ ಕೊನೆಗೆ ಸರಿಯಾಗಿ ಕೂರಿಸೋ ದಾರಿ ಇದೆಯಾ?