ಕ್ಲೋರಿನ್ ಉಂಗುರವನ್ನು ಮಂದಗೊಳಿಸಿದರೂ ಆರ್ಥೋ, ಪ್ಯಾರಾ ಸ್ಥಾನಗಳೇ ಏಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಬೆಂಜೀನ್ ಉಂಗುರಕ್ಕೆ ಎಲೆಕ್ಟ್ರಾನ್ ಕೊಡುವ ಗುಂಪುಗಳು ಹೊಸ ಗುಂಪನ್ನು ಆರ್ಥೋ (ಪಕ್ಕದ ಇಂಗಾಲ), ಪ್ಯಾರಾ (ನೇರ ಎದುರಿನ ಇಂಗಾಲ) ಸ್ಥಾನಗಳಿಗೂ, ಎಲೆಕ್ಟ್ರಾನ್ ಸೆಳೆಯುವ ಗುಂಪುಗಳು ಮೆಟಾ (ಒಂದು ಬಿಟ್ಟು ಮುಂದಿನ ಇಂಗಾಲ) ಸ್ಥಾನಕ್ಕೂ ಕಳುಹಿಸುತ್ತವೆ ಎಂದು ಓದಿದ್ದೇನೆ. ಕ್ಲೋರೋಬೆಂಜೀನಿನ ನೈಟ್ರೀಕರಣವು, ಅಂದರೆ ಉಂಗುರಕ್ಕೆ ನೈಟ್ರೋ ಗುಂಪನ್ನು ಸೇರಿಸುವ ಕ್ರಿಯೆಯು, ಬೆಂಜೀನಿನದಕ್ಕಿಂತ ನಿಧಾನ. ಆದರೂ ಮೆಟಾ ಉತ್ಪನ್ನ ಸಿಗುವುದು ತೀರಾ ಕಡಿಮೆ. ಇದು ಹೇಗೆ?

ಉತ್ತರ: ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆ ಎಂಬುದನ್ನೂ ಎಲ್ಲಿ ನಡೆಯುತ್ತದೆ ಎಂಬುದನ್ನೂ ಬೇರ್ಪಡಿಸಿ ನೋಡಿ. ಎರಡಕ್ಕೂ ಉತ್ತರವಿರುವುದು ನೈಟ್ರೋನಿಯಂ ಅಯಾನು (NO₂⁺) ಉಂಗುರಕ್ಕೆ ಸೇರಿದೊಡನೆ ಉಂಟಾಗುವ ಧನಾವೇಶದ ಮಧ್ಯವರ್ತಿಯ ಸ್ಥಿರತೆಯಲ್ಲಿ, ಏಕೆಂದರೆ ಆ ಮಧ್ಯವರ್ತಿ ರೂಪುಗೊಳ್ಳುವ ಹಂತವೇ ಇಲ್ಲಿ ನಿಧಾನವಾದದ್ದು.

ಕ್ಲೋರಿನ್‌ನ ವಿದ್ಯುದೃಣತೆ ಹೆಚ್ಚಾದ್ದರಿಂದ ಅದು ಉಂಗುರದಿಂದ ಎಲೆಕ್ಟ್ರಾನ್ ಸಾಂದ್ರತೆಯನ್ನು ಸೆಳೆದು, ಮೂರೂ ಸ್ಥಾನಗಳಲ್ಲಿ ಮಧ್ಯವರ್ತಿಯನ್ನು ದುರ್ಬಲಗೊಳಿಸುತ್ತದೆ. ಒಟ್ಟು ವೇಗ ಬೆಂಜೀನಿನ ಸುಮಾರು 30ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಆರ್ಥೋ ಅಥವಾ ಪ್ಯಾರಾ ದಾಳಿಯಾದಾಗ ಒಂದು ಅನುರಣನ ರಚನೆಯಲ್ಲಿ (ಅದೇ ಮಧ್ಯವರ್ತಿಯ ಎಲೆಕ್ಟ್ರಾನ್‌ಗಳನ್ನು ಬೇರೆ ರೀತಿ ಹಂಚಿ ಬಿಡಿಸಿದ ಚಿತ್ರದಲ್ಲಿ) ಧನಾವೇಶವು ಕ್ಲೋರಿನ್ ಹೊತ್ತ ಇಂಗಾಲದ ಮೇಲೆಯೇ ಬರುತ್ತದೆ, ಆಗ ಕ್ಲೋರಿನ್ ತನ್ನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಕೊಟ್ಟು ಆ ಇಂಗಾಲದ ಅಷ್ಟಕವನ್ನು (ಎಂಟು ಹೊರ ಎಲೆಕ್ಟ್ರಾನ್‌ಗಳನ್ನು) ಪೂರ್ಣಗೊಳಿಸುವ ನಾಲ್ಕನೆಯ ರಚನೆಯೊಂದು ಸಾಧ್ಯವಾಗುತ್ತದೆ. ಮೆಟಾ ದಾಳಿಯಲ್ಲಿ ಧನಾವೇಶ ಆ ಇಂಗಾಲವನ್ನು ಮುಟ್ಟುವುದೇ ಇಲ್ಲ. ಹೀಗಾಗಿ ಮೂರೂ ಕಡೆ ಕ್ರಿಯೆ ಮಂದವಾಗುತ್ತದೆ, ಮೆಟಾದಲ್ಲಿ ಅತ್ಯಂತ ಮಂದವಾಗುತ್ತದೆ. ಉತ್ಪನ್ನದಲ್ಲಿ ಪ್ಯಾರಾ ಸುಮಾರು ಶೇ. 70, ಆರ್ಥೋ ಶೇ. 30, ಮೆಟಾ ಶೇ. 1ರ ಆಸುಪಾಸು. ಈ ರಚನೆಗಳನ್ನು ಬಾಯಿಪಾಠ ಮಾಡದೆ ಕೈಯಾರೆ ಬಿಡಿಸಿ ನೋಡಬೇಕೆಂಬುದು ನನ್ನ ಒತ್ತಾಯ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಹಾಗಾದರೆ ಅನಿಲೀನಿನ ಉಂಗುರಕ್ಕೆ ಸೇರಿರುವ ಅಮೈನೋ ಗುಂಪು (–NH₂) ಒಂಟಿ ಜೋಡಿಯನ್ನು ಇನ್ನೂ ಧಾರಾಳವಾಗಿ ಕೊಡುತ್ತದೆಯಲ್ಲವೇ? ಅದರ ನೈಟ್ರೀಕರಣದಲ್ಲಿ ಮೆಟಾ ಶೇ. 47ರಷ್ಟು ಬರುವುದೇಕೆ?

ಉತ್ತರ: ಫ್ಲಾಸ್ಕಿನಲ್ಲಿ ನಿಜವಾಗಿ ಏನಿದೆ ಎಂದು ಕೇಳಿಕೊಳ್ಳಿ. ಪ್ರಬಲ ಆಮ್ಲದಲ್ಲಿ ಅನಿಲೀನಿನ ಬಹುಪಾಲು ಪ್ರೋಟಾನನ್ನು ಸ್ವೀಕರಿಸಿ ಅನಿಲೀನಿಯಂ ಅಯಾನು ಆಗಿರುತ್ತದೆ. ಕೊಡಬೇಕಾದ ಜೋಡಿ ಬಂಧದಲ್ಲಿ ಸಿಕ್ಕಿಬಿದ್ದಿರುವುದರಿಂದ ಆ ಧನಾವೇಶದ ಗುಂಪು ಮೆಟಾ ನಿರ್ದೇಶಕವಾಗುತ್ತದೆ. ಪ್ಯಾರಾ ಉತ್ಪನ್ನವೇ ಬೇಕಾದಾಗ, ಆ ಜೋಡಿ ಪ್ರೋಟಾನಿಗೆ ಸುಲಭವಾಗಿ ಸಿಗದಂತೆ, ಮೊದಲು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಅಸಿಟನಿಲೈಡ್ ಮಾಡಿಕೊಂಡು, ನೈಟ್ರೀಕರಿಸಿ, ಕೊನೆಗೆ ಜಲವಿಭಜನೆಯಿಂದ ಅಸಿಟೈಲ್ ಗುಂಪನ್ನು ತೆಗೆಯುತ್ತಾರೆ.